ಉಸುಕಿನ ಡ್ರಮ್ಮಿನ ಜೊತೆ ಹನ್ನೊಂದು ತಿಂಗಳು: ಮನೆಯಲ್ಲೇ ಕಟ್ಟಿದ ನೀರಿನ ಫಿಲ್ಟರಿನ ವಿಮರ್ಶೆ

ಸಿಂಧನೂರು ತಾಲ್ಲೂಕಿನ ನಮ್ಮ ಊರಿಗೆ ಕುಡಿಯುವ ನೀರು ಬರುವುದು ತುಂಗಭದ್ರಾ ಎಡದಂಡೆ ನಾಲೆಯಿಂದ ತುಂಬಿಸಿಕೊಳ್ಳುವ ಕೆರೆಯಿಂದ. ನಾಲೆ ಹರಿಯುವ ತಿಂಗಳುಗಳಲ್ಲಿ ಕೆರೆ ತುಂಬುತ್ತದೆ. ನಾಲೆ ಬಂದಾದ ಮೇಲೆ ಬೇಸಿಗೆಯುದ್ದಕ್ಕೂ ಅದೇ ನಿಂತ ನೀರು ದಿನದಿಂದ ದಿನಕ್ಕೆ ಹಸಿರಾಗುತ್ತ ತಳ ಕಾಣುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿಯ ನಾಣ್ಯ ಹಾಕಿದರೆ ಒಂದು ಕ್ಯಾನು ಫಿಲ್ಟರ್ ನೀರು ಸಿಗುತ್ತದೆ, ಆದರೆ ಕರೆಂಟು ಇರಬೇಕು, ಮೋಟಾರು ಕೆಟ್ಟಿರಬಾರದು. 2022ರ ಮೇ-ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿ, ಕೆಲವರು ತೀರಿಕೊಂಡ ಸುದ್ದಿ ಬಂದಾಗಿನಿಂದ ನನ್ನ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಬೇಸಿಗೆಗೆ ಏನು ಗತಿ ಎಂಬ ಮಾತು ಊರಿನ ಪ್ರತಿ ಕಟ್ಟೆಯ ಮೇಲೂ ನಡೆದಾಗ, ಕರೆಂಟಿನ ಹಂಗಿಲ್ಲದ ಒಂದು ಫಿಲ್ಟರು ಮನೆಯಲ್ಲಿ ಇರಲೇಬೇಕೆಂದು ತೀರ್ಮಾನಿಸಿದೆ. ಶಾಲೆಯಲ್ಲಿ ವಿಜ್ಞಾನ ಹೇಳುವವಳಾದ್ದರಿಂದ ಕೊಳ್ಳುವುದಕ್ಕಿಂತ ಕಟ್ಟಿ ನೋಡುವ ಚಪಲವೂ ಜೊತೆಗೂಡಿತು. ಆ ಅಕ್ಟೋಬರಿನಲ್ಲಿ ಕಟ್ಟಿದ ಫಿಲ್ಟರನ್ನು ಹನ್ನೊಂದು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಡ್ರಮ್ಮಿಗೆ ಮೊದಲು ಒಂದು ಬಾಟಲಿಯ ಕಥೆ ಇದೆ. ಆಪತ್ತಿನಲ್ಲಿ ಸಿಕ್ಕಿಕೊಂಡವರಿಗೆಂದು ವಿಡಿಯೋಗಳಲ್ಲಿ ತೋರಿಸುವ ಫಿಲ್ಟರನ್ನು ಎಲ್ಲರೂ ನೋಡಿರುತ್ತೀರಿ: ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ ತಲೆಕೆಳಗು ಮಾಡಿ, ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಇದ್ದಿಲು, ಉಸುಕು, ಸಣ್ಣ ಕಲ್ಲು ಎಂದು ಪದರಪದರವಾಗಿ ತುಂಬುವುದು. ಬಳ್ಳಾರಿ ಜಾಲಿ ಬೆಳೆದು ನಿಂತಿರುವ ನಮ್ಮ ಸೀಮೆಯಲ್ಲಿ ಇದ್ದಿಲಿಗೆ ಬರವಿಲ್ಲ. ಮಕ್ಕಳ ಮುಂದೆಯೇ ಕಟ್ಟಿದೆ. ಮೂರನೆಯ ಸಲ ಸುರಿದಾಗ ಕೆರೆಯ ನೀರು ಕಣ್ಣಿಗೆ ತಿಳಿಯಾಗಿಯೇ ಬಂತು. ಅದೇ ನೀರನ್ನು ಪಂಚಾಯಿತಿಯ ಪರೀಕ್ಷಾ ಕಿಟ್ಟಿನಲ್ಲಿರುವ ಎಚ್‌ಟುಎಸ್ ಬಾಟಲಿಗೆ ತುಂಬಿಸಿ ಇಟ್ಟಾಗ ಮಾರನೆಯ ದಿನಕ್ಕೆ ಕಪ್ಪಾಗಿತ್ತು. ಮಲದ ಮೂಲಕ ನೀರು ಸೇರುವ ಬ್ಯಾಕ್ಟೀರಿಯಾಗಳಿದ್ದರೆ ಒಂದೆರಡು ದಿನಗಳಲ್ಲಿ ಕಪ್ಪಾಗುವ ಈ ಸರಳ ಪರೀಕ್ಷೆಯನ್ನು ಭಾರತೀಯ ವಿಜ್ಞಾನಿಗಳೇ ರೂಪಿಸಿ 1982ರಲ್ಲಿ ಪ್ರಕಟಿಸಿದ್ದು; ನೀರಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅದು ಹೇಳುವುದಿಲ್ಲ, ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಒಲೆಯ ಇದ್ದಿಲಿಗೆ ಕಾರ್ಖಾನೆಯಲ್ಲಿ ಸಿದ್ಧವಾಗುವ ಸಕ್ರಿಯ ಇಂಗಾಲದಷ್ಟು ಹೀರುವ ಶಕ್ತಿ ಇರುವುದಿಲ್ಲ, ಇದ್ದರೂ ಒಂದು ಗೇಣಿನ ಬಾಟಲಿಯಲ್ಲಿ ನೀರು ಅರೆಕ್ಷಣವೂ ನಿಲ್ಲುವುದಿಲ್ಲ. ತರಗತಿಯಲ್ಲಿ ತೋರಿಸಲು ಬಾಟಲಿ ಫಿಲ್ಟರು ಚೆಂದ. ಅದರ ನೀರನ್ನು ಹಾಗೆಯೇ ಕುಡಿಯುವುದು ಕೆರೆಯ ನೀರನ್ನು ಕುಡಿಯುವುದಕ್ಕಿಂತ ಹೆಚ್ಚು ಅಪಾಯದ್ದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕೆಂಪು ನೀರಿಗೆ ಹೆದರುವ ನಾವು ತಿಳಿ ನೀರಿಗೆ ಹೆದರುವುದಿಲ್ಲ.

ಡ್ರಮ್ಮಿನ ಫಿಲ್ಟರು ಬೇರೆಯೇ ಜಾತಿಯದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್ ಎಂಬವರು 1990ರ ದಶಕದಲ್ಲಿ ರೂಪಿಸಿದ ಇದಕ್ಕೆ ಜೈವಿಕ ಉಸುಕು ಶೋಧಕ ಎನ್ನಬಹುದು. ನಗರಗಳ ನೀರು ಸರಬರಾಜಿನಲ್ಲಿ ಇನ್ನೂರು ವರ್ಷಗಳಿಂದ ಇರುವ ನಿಧಾನ ಉಸುಕು ಶೋಧನೆಯನ್ನು ಒಂದು ಮನೆಯ ಅಳತೆಗೆ ಇಳಿಸಿದ್ದು. ನಮ್ಮ ಅತ್ತೆಯವರಿಗೆ ಇದನ್ನು ವಿವರಿಸುವ ಕಷ್ಟವೇ ಬೀಳಲಿಲ್ಲ. "ಹಳ್ಳದಾಗ ವರ್ತಿ ತೋಡಿ ನೀರು ತುಂಬತಿದ್ವಿ, ಅದನ್ನ ನೀನು ಡ್ರಮ್ಮಿನ್ಯಾಗ ಮಾಡ್ತೀಯೇನವ್ವ?" ಎಂದು ಅವರು ಕೇಳಿದ್ದರಲ್ಲಿಯೇ ಅರ್ಧ ಪಾಠವಿತ್ತು. ವರ್ತಿ ಎಂದರೆ ಹಳ್ಳದ ಉಸುಕಿನಲ್ಲಿ ತೋಡುವ ಒರತೆ; ಉಸುಕಿನಲ್ಲಿ ಬಸಿದು ಬಂದ ನೀರು ಹರಿಯುವ ನೀರಿಗಿಂತ ಮೇಲು ಎಂಬುದನ್ನು ಅದನ್ನು ತೋಡಿದವರು ಬಲ್ಲರು. ಉಳಿದರ್ಧ ಪಾಠವನ್ನು ಸಂಶಯ ಎತ್ತಿದ ಸಹೋದ್ಯೋಗಿಗಳಿಗೆ ಹೇಳಬೇಕಾಯಿತು: 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಬಲಿಯಾದಾಗ, ಅದೇ ಎಲ್ಬೆ ನದಿಯ ನೀರನ್ನು ಉಸುಕಿನಲ್ಲಿ ಸೋಸಿ ಹಂಚುತ್ತಿದ್ದ ಪಕ್ಕದ ಆಲ್ಟೋನಾ ಪಟ್ಟಣ ಬಹುಮಟ್ಟಿಗೆ ಪಾರಾಗಿತ್ತು.

ಸಾಮಾನಿಗೆ ಬರೋಣ. ಮೂರಡಿ ಎತ್ತರದ, ಸುಮಾರು 36 ಸೆಂ.ಮೀ. ಅಗಲದ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅರ್ಧ ಇಂಚಿನ ಪೈಪು, ಮೂರು ಎಲ್ಬೊ, ರಬ್ಬರ್ ವಾಷರಿನ ಸಮೇತ ಒಂದು ಟ್ಯಾಂಕ್ ನಿಪ್ಪಲ್, ಎರಡು ಅಳತೆಯ ಜಾಳಿಗೆ, ಜಲ್ಲಿ, ಉಸುಕು. ಎಲ್ಲ ಸೇರಿ ನನಗೆ 1,400 ರೂಪಾಯಿಯ ಒಳಗೆ ಮುಗಿಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ತೊಂದರೆಯೇನೂ ಆಗಲಿಲ್ಲ. ಎಚ್ಚರ ಬೇಕಾದದ್ದು ಹಳೆಯ ಡ್ರಮ್ಮು ಕೊಳ್ಳುವಾಗ. ಗುಜರಿಯವನು "ಎಣ್ಣಿ ಡ್ರಮ್ ಅದ ಅಕ್ಕೋರ, ಗಟ್ಟಿಯದ" ಎಂದ. ನಮ್ಮ ಕಡೆ ಎಣ್ಣೆ ಎಂದರೆ ಅಡುಗೆಯ ಎಣ್ಣೆಯೂ ಹೌದು, ಭತ್ತಕ್ಕೆ ಹೊಡೆಯುವ ಕೀಟನಾಶಕವೂ ಹೌದು. ಯಾವ ಎಣ್ಣೆ ಎಂದು ಮರುಪ್ರಶ್ನೆ ಹಾಕಿದ ಮೇಲೆ ಅವನು ಡ್ರಮ್ಮನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದ. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು. ನಾನು ಕೊನೆಗೆ ಬೇಕರಿಯೊಂದರಿಂದ ಖಾದ್ಯತೈಲದ ಡ್ರಮ್ಮನ್ನು ತಂದು ಸೋಪಿನ ಬಿಸಿನೀರಿನಲ್ಲಿ ಮೂರು ದಿನ ತೊಳೆದೆ.

ಈ ಫಿಲ್ಟರಿನ ಗುಟ್ಟೆಲ್ಲ ಇರುವುದು ಹೊರಗಿನ ಪೈಪು ಎಷ್ಟು ಎತ್ತರದಲ್ಲಿ ಬಾಗುತ್ತದೆ ಎಂಬುದರಲ್ಲಿ. ಡ್ರಮ್ಮಿನ ತಳದಿಂದ ಹೊರಟ ಪೈಪು ಹೊರಮೈಗೆ ಅಂಟಿಕೊಂಡು ಮೇಲೇರಿ, ಒಳಗಿನ ಉಸುಕಿನ ಮಟ್ಟಕ್ಕಿಂತ ಸರಿಯಾಗಿ 5 ಸೆಂ.ಮೀ. ಮೇಲೆ ಬಾಗಿ ಬಾಯಿ ಬಿಡಬೇಕು. ಮೇಲಿನಿಂದ ಒಂದು ಕೊಡ ಸುರಿದರೆ ಅಷ್ಟೇ ನೀರು ಪೈಪಿನಿಂದ ಬಂದು, ಒಳಗೆ ಉಸುಕಿನ ಮೇಲೆ ಐದು ಸೆಂಟಿಮೀಟರು ನೀರು ಉಳಿದಾಗ ತಾನಾಗಿ ನಿಲ್ಲುತ್ತದೆ. ಆ ತೆಳು ನೀರಿನ ಕೆಳಗೆ, ಉಸುಕಿನ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ, ಸೂಕ್ಷ್ಮಜೀವಿಗಳ ಒಂದು ಪದರ ಬೆಳೆಯುತ್ತದೆ. ನೀರಿನೊಡನೆ ಬಂದ ರೋಗಾಣುಗಳನ್ನು ತಿನ್ನುವುದು ಈ ಪದರ. ನೀರು ಇನ್ನೂ ಆಳವಾಗಿ ನಿಂತರೆ ಗಾಳಿ ತಲುಪದೆ ಪದರ ಬಡವಾಗುತ್ತದೆ, ಉಸುಕು ಒಣಗಿದರೆ ಸತ್ತೇ ಹೋಗುತ್ತದೆ. ಪ್ಲಂಬರನಿಗೆ ಇದನ್ನು ಒಪ್ಪಿಸುವುದು ಮಾತ್ರ ನನ್ನಿಂದಾಗಲಿಲ್ಲ. ಪೈಪಿನ ಬಾಯಿಗೆ ಟ್ಯಾಪು ಕೂಡಿಸದೆ ಬಿಡುವುದು ಅವನ ಕಸುಬಿಗೆ ಅವಮಾನವೆಂಬಂತೆ ಅವನು ವಾದಿಸಿದ. ಟ್ಯಾಪು ಹಾಕಿದರೆ ಹರಿವು ತಡೆದು ಉಸುಕಿನ ಮೇಲೆ ನೀರು ಎತ್ತರಕ್ಕೆ ನಿಲ್ಲುತ್ತದೆ. ಉದ್ದದ ರಬ್ಬರ್ ಪೈಪು ಸಿಕ್ಕಿಸಿದರೆ ಅದು ನೀರನ್ನು ಎಳೆದುಕೊಂಡು ಉಸುಕನ್ನು ಒಣಗಿಸುತ್ತದೆ. ಅವನು ಹಾಕಿಹೋದ ಟ್ಯಾಪನ್ನು ಆ ಸಂಜೆಯೇ ನಾನು ಬಿಚ್ಚಿದೆ.

ಉಸುಕಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು. ತಳದಲ್ಲಿ ಐದು ಸೆಂಟಿಮೀಟರು ದಪ್ಪ ಜಲ್ಲಿ, ಅದರ ಮೇಲೆ ಐದು ಸೆಂಟಿಮೀಟರು ಸಣ್ಣ ಜಲ್ಲಿ, ಆಮೇಲೆ 54 ಸೆಂ.ಮೀ. ನಯವಾದ ಉಸುಕು ಇರಬೇಕು. ನನ್ನ ಡ್ರಮ್ಮಿಗೆ ಒಣ ಉಸುಕೇ ಸುಮಾರು 90 ಕಿಲೋ ಬೇಕಾಯಿತು. ನದಿಯ ಉಸುಕಿಗಿಂತ ಕಲ್ಲು ಒಡೆದ ಪುಡಿಯೇ ಲೇಸು, ಏಕೆಂದರೆ ನದಿಯದರಲ್ಲಿ ಕೊಳೆ ಸೇರಿರುತ್ತದೆ. ಕ್ರಷರಿನಿಂದ ಗಾರೆಗೆ ಬಳಸುವ ಎಂ-ಸ್ಯಾಂಡ್ ತಂದು 0.7 ಮಿ.ಮೀ. ಕಣ್ಣಿನ ಜಾಳಿಗೆಯಲ್ಲಿ ಸಾಣಿಸಿದಾಗ ಅರ್ಧದಷ್ಟು ಮೇಲೆಯೇ ಉಳಿಯಿತು. ಕೆಳಗೆ ಬಿದ್ದದ್ದನ್ನು ನಾನು ಅಕ್ಕಿ ತೊಳೆದಂತೆ, ನೀರು ಹಾಲಿನಿಂದ ಕನ್ನಡಿಯಾಗುವವರೆಗೆ ತೊಳೆದೆ. ಅದೇ ತಪ್ಪು. ಅತಿಯಾಗಿ ತೊಳೆದಾಗ ನಯವಾದ ಕಣಗಳೇ ಹೊರಟುಹೋಗಿ ನೀರು ಭರದಿಂದ ಇಳಿಯತೊಡಗುತ್ತದೆ. ಒಂದು ಚದರ ಮೀಟರಿಗೆ ಗಂಟೆಗೆ 400 ಲೀಟರಿಗಿಂತ ಹೆಚ್ಚು ಹರಿಯಬಾರದೆಂಬುದು ಲೆಕ್ಕ. ನನ್ನ ಡ್ರಮ್ಮಿನ ಅಗಲಕ್ಕೆ ಅದು ಒಂದು ಲೀಟರಿಗೆ ಸುಮಾರು 90 ಸೆಕೆಂಡು. ನನ್ನದು 55 ಸೆಕೆಂಡಿಗೇ ಲೀಟರು ತುಂಬಿಸಿತು. ಮೇಲಿನ ಉಸುಕನ್ನೆಲ್ಲ ತೆಗೆದು, ಬೇರೆ ಉಸುಕನ್ನು ನಾಲ್ಕೇ ಸಲ ತೊಳೆದು, ಒಂದು ಹಿಡಿಯನ್ನು ಗಾಜಿನ ಶೀಸೆಯ ನೀರಿನಲ್ಲಿ ತಿರುವಿ ನಿಲ್ಲಿಸಿ, ಮೂರು ನಾಲ್ಕು ಸೆಕೆಂಡಿನ ಮೇಲೆ ನೀರು ತುಸು ಮಬ್ಬಾಗಿರುವುದನ್ನು ಖಾತ್ರಿ ಮಾಡಿಕೊಂಡು ಮತ್ತೆ ತುಂಬಿದೆ. ತುಂಬುವಾಗ ಡ್ರಮ್ಮಿನಲ್ಲಿ ಮೊದಲೇ ನೀರಿರಬೇಕು, ಉಸುಕು ಆ ನೀರಿಗೆ ಬೀಳಬೇಕು. ಒಣ ಡ್ರಮ್ಮಿಗೆ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಹರಿವು ಕಟ್ಟುತ್ತದೆ. ಈ ಸಲ ಲೀಟರಿಗೆ 95 ಸೆಕೆಂಡು ಬಂತು. ಇಷ್ಟಕ್ಕೆ ಎರಡು ಭಾನುವಾರ ಹೋದವು, ನಡುವೂ ಹೋಯಿತು. ತುಂಬಿದ ಡ್ರಮ್ಮನ್ನು ನಾಲ್ಕು ಜನ ಸೇರಿದರೂ ಸರಿಸಲಾಗದು, ಸರಿಸಲೂಬಾರದು. ಬಿಸಿಲು ಬೀಳದ, ಕೊಡ ಎತ್ತಿ ಸುರಿಯಲು ಅನುಕೂಲವಾದ ಜಾಗವನ್ನು ಮೊದಲೇ ಆರಿಸಿ ಅಲ್ಲಿಯೇ ಕಟ್ಟಬೇಕು. ಸುರಿಯುವ ನೀರು ಉಸುಕನ್ನು ಕೆದರದಂತೆ ಮೇಲೊಂದು ಸಣ್ಣ ತೂತುಗಳ ಪ್ಲಾಸ್ಟಿಕ್ ತಟ್ಟೆ ಕೂಡಿಸಿದ್ದೇನೆ.

ಮೊದಲ ದಿನವೇ ನೀರು ತಿಳಿಯಾಗಿ ಬಂತು, ಎಚ್‌ಟುಎಸ್ ಬಾಟಲಿ ಮಾತ್ರ ಕಪ್ಪಾಯಿತು. ಅದು ನಿರೀಕ್ಷಿತವೇ ಆಗಿತ್ತು: ಜೀವಪದರ ಬೆಳೆದು ಬಲಿಯಲು ಒಂದು ತಿಂಗಳವರೆಗೂ ಹಿಡಿಯುತ್ತದೆ. ಮೂರನೆಯ ವಾರದಲ್ಲಿಯೂ ಕಪ್ಪಾದ ಬಾಟಲಿ ಆರನೆಯ ವಾರದಲ್ಲಿ ಎರಡು ದಿನ ಇಟ್ಟರೂ ಬಣ್ಣ ಬದಲಿಸಲಿಲ್ಲ. ಆ ಸಂತೋಷ ಜನವರಿಯವರೆಗೆ ಇತ್ತು. ಆಮೇಲೆ ಕೊಪ್ಪಳದಲ್ಲಿ ಮದುವೆಯೆಂದು ಮನೆಗೆ ಬೀಗ ಹಾಕಿ ಒಂಬತ್ತು ದಿನ ಹೋಗಿ ಬಂದೆವು. ಬಂದು ಪರೀಕ್ಷಿಸಿದರೆ ಬಾಟಲಿ ಮತ್ತೆ ಕಪ್ಪು. ಈ ಫಿಲ್ಟರಿಗೆ ದಿನವೂ ನೀರು ಬೇಕು. ಎರಡು ಸುರಿವಿನ ನಡುವೆ ಕನಿಷ್ಠ ಒಂದು ಗಂಟೆ ಬಿಡಬೇಕು, 48 ಗಂಟೆ ಮೀರಬಾರದು. ಸಾಧ್ಯವಾದಷ್ಟು ಒಂದೇ ಮೂಲದ ನೀರನ್ನೇ ಹಾಕಬೇಕು. ಎಮ್ಮೆ ಕಟ್ಟಿದ ಮನೆಯವರು ಊರಿಗೆ ಹೊರಡುವಾಗ ಪಕ್ಕದ ಮನೆಗೆ ಹೇಳಿಹೋಗುವಂತೆ ನಾನೀಗ ಡ್ರಮ್ಮಿಗಾಗಿ ಹೇಳಿಹೋಗುತ್ತೇನೆ. ಕೊಂಡ ಫಿಲ್ಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ಅನ್ನಿಸುತ್ತದೆ, ಕಟ್ಟಲು ಹೊರಟವರಿಗೆ ಇದನ್ನು ಯಾವ ವಿಡಿಯೋವೂ ಒತ್ತಿ ಹೇಳುವುದಿಲ್ಲ.

ಇನ್ನೊಂದು ಸೂಕ್ಷ್ಮ ತಿಳಿದದ್ದು ಆಕಸ್ಮಿಕವಾಗಿ. ಪಂಚಾಯಿತಿಯವರು ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ನಳದ ನೀರು ಮೂಗಿಗೆ ಹೊಡೆಯುತ್ತದೆ. ಆ ನೀರನ್ನು ನೇರವಾಗಿ ಡ್ರಮ್ಮಿಗೆ ಸುರಿದರೆ ರೋಗಾಣುವನ್ನು ಕೊಲ್ಲುವ ಕ್ಲೋರಿನ್ನು ನಮ್ಮ ಜೀವಪದರವನ್ನೂ ಕೊಲ್ಲುತ್ತದೆ. ಅಂತಹ ದಿನ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟು, ವಾಸನೆ ಹೋದ ಮೇಲೆ ಹಾಕುತ್ತೇನೆ.

ನಿರ್ವಹಣೆಯ ಮುಖ್ಯ ಕೆಲಸ ಹರಿವು ಕುಂಠಿತವಾದಾಗ ಬರುತ್ತದೆ. ಚಳಿಗಾಲದಲ್ಲಿ ಎರಡು ತಿಂಗಳಿಗೊಮ್ಮೆ, ಜುಲೈನಲ್ಲಿ ನಾಲೆಯ ಹೊಸ ಕೆಂಪು ನೀರು ಬಂದಾಗ ಹತ್ತು ದಿನಕ್ಕೊಮ್ಮೆ ನನಗೆ ಈ ಕೆಲಸ ಬಿತ್ತು. ತಟ್ಟೆ ತೆಗೆದು, ಒಂದಿಷ್ಟು ನೀರು ಹಾಕಿ, ಅಂಗೈಯಿಂದ ಉಸುಕಿನ ಮೇಲ್ಮೈಯನ್ನು ಮಾತ್ರ ಮೆಲ್ಲಗೆ ಕಲಕಿ, ಎದ್ದ ರಾಡಿಯನ್ನು ಲೋಟದಿಂದ ತೋಡಿ ಚೆಲ್ಲಿ, ಉಸುಕನ್ನು ಸಮತಟ್ಟು ಮಾಡಬೇಕು. ಕೈ ಆಳಕ್ಕೆ ಇಳಿಯಬಾರದು. ಆ ಬಳಿಕ ಪದರ ಚೇತರಿಸಿಕೊಳ್ಳಲು ಕೆಲವು ದಿನ ಬೇಕು. ಕೆಂಪು ನೀರನ್ನು ನೇರವಾಗಿ ಹಾಕದಿದ್ದರೆ ಈ ಕಷ್ಟ ಅರ್ಧವಾಗುತ್ತದೆ ಎಂದು ನನಗೆ ತಡವಾಗಿ ಹೊಳೆಯಿತು. 50 ಎನ್‌ಟಿಯುಗಿಂತ ಹೆಚ್ಚು ಕದಡಿದ ನೀರು ಈ ಫಿಲ್ಟರಿಗೆ ಸಲ್ಲದು (ಎನ್‌ಟಿಯು ಎಂಬುದು ನೀರಿನ ಕದಡಿನ ಅಳತೆ). ಅದನ್ನು ಅಳೆಯಲು ಯಂತ್ರ ಬೇಕಿಲ್ಲ: ಎರಡು ಲೀಟರಿನ ಬಾಟಲಿಯಲ್ಲಿ ನೀರು ತುಂಬಿ ಪತ್ರಿಕೆಯ ದಪ್ಪ ತಲೆಬರಹದ ಮೇಲೆ ನಿಲ್ಲಿಸಿ ಮೇಲಿನಿಂದ ನೋಡಿದಾಗ ಅಕ್ಷರ ಕಂಡರೆ ಹಾಕಬಹುದು. ಕಾಣದಿದ್ದರೆ ಸ್ಫಟಿಕದ (ಆಲಂ) ತುಂಡನ್ನು ದಾರಕ್ಕೆ ಕಟ್ಟಿ ಕೊಡದಲ್ಲಿ ನಾಲ್ಕು ಸುತ್ತು ಆಡಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತೇನೆ.

ಸೋಸಿದ ನೀರು ಎಲ್ಲಿ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಮೊದಲು ಅಗಲ ಬಾಯಿಯ ಹರವಿಯಲ್ಲಿ ಹಿಡಿಯುತ್ತಿದ್ದೆ. ಮನೆಯವರೆಲ್ಲ ತಂಬಿಗೆ ಅದ್ದಿ ತೆಗೆಯುತ್ತಿದ್ದರಿಂದ ಪೈಪಿನ ನೀರು ಪಾಸಾದ ಪರೀಕ್ಷೆಯಲ್ಲಿ ಹರವಿಯ ನೀರು ನಪಾಸಾಯಿತು. ಈಗ ಮುಚ್ಚಳವೂ ಟ್ಯಾಪೂ ಇರುವ ಸ್ಟೀಲ್ ಪಾತ್ರೆ ಇದೆ. ಪ್ಲಂಬರನ ಟ್ಯಾಪಿಗೆ ಅಲ್ಲಿ ಜಾಗ ಸಿಕ್ಕಿತು.

ಪದರ ಬಲಿತ ಮೇಲೆ ಇಂತಹ ಫಿಲ್ಟರು ಬ್ಯಾಕ್ಟೀರಿಯಾಗಳನ್ನು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಡೆಯುತ್ತದೆ, ಜಂತುಗಳ ತತ್ತಿಯಂತಹ ದೊಡ್ಡವನ್ನು ಇನ್ನೂ ಚೆನ್ನಾಗಿ, ವೈರಸ್ಸುಗಳನ್ನು ಅದಕ್ಕಿಂತ ಕಡಿಮೆ. ಆದರೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕೇಳುವುದು 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದೆಂದು. ಸಾವಿರ ಇದ್ದಲ್ಲಿ ನೂರು ಉಳಿದರೂ ಅದು ಕುಡಿಯುವ ನೀರಲ್ಲ. ಹಾಗಾಗಿ ಡ್ರಮ್ಮಿನಿಂದ ಬಂದ ನೀರಿಗೆ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಬಿಡುತ್ತೇವೆ, ಇಲ್ಲವೇ ಕೊತಕೊತನೆ ಒಂದು ನಿಮಿಷ ಕುದಿಸುತ್ತೇವೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ತಿಳಿನೀರು ತುಂಬಿದ ಪಾರದರ್ಶಕ ಬಾಟಲಿಗಳನ್ನು ಮಾಳಿಗೆಯ ಮೇಲೆ ಆರು ಗಂಟೆ ಮಲಗಿಸಿಟ್ಟರೂ ಸಾಕು. ರಾಯಚೂರಿನ ಬಿಸಿಲಿನಿಂದ ಆಗುವ ಉಪಕಾರಗಳ ಪಟ್ಟಿ ಉದ್ದವಿಲ್ಲ, ಇದೊಂದನ್ನು ಬರೆದಿಟ್ಟುಕೊಳ್ಳಬಹುದು.

ಈ ಡ್ರಮ್ಮು ಮಾಡಲಾರದ ಕೆಲಸಗಳು ನಮ್ಮ ಸೀಮೆಯ ಮಟ್ಟಿಗೆ ದೊಡ್ಡವು. ನೀರಿನಲ್ಲಿ ಕರಗಿದ ಯಾವುದನ್ನೂ ಉಸುಕು ಹಿಡಿಯುವುದಿಲ್ಲ. ಹಿತ್ತಲಿನ ಬೋರ್‌ವೆಲ್ ನೀರನ್ನು ಒಂದು ಬಾಟಲಿ ಪಕ್ಕಕ್ಕಿಟ್ಟು ಅಳೆದಾಗ ಕರಗಿದ ಲವಣ ಲೀಟರಿಗೆ 1,400 ಮಿಲಿಗ್ರಾಂ ತೋರಿಸಿತು, ಸೋಸಿದ ಮೇಲೂ 1,400. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕಂದು ಗೆರೆ ಬಿದ್ದ ಹಲ್ಲುಗಳನ್ನು ನಾನು ತರಗತಿಯಲ್ಲಿ ದಿನವೂ ನೋಡುತ್ತೇನೆ. ಅಂತಹ ನೀರಿಗೆ ಉಸುಕಿನ ಡ್ರಮ್ಮು ಏನನ್ನೂ ಮಾಡದು, ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಏರುತ್ತದೆ ಅಷ್ಟೆ. ಭತ್ತದ ಗದ್ದೆಗಳಿಂದ ಬಸಿದು ಬರುವ ಹಳ್ಳದ ನೀರಿನ ಗೊಬ್ಬರ, ಕೀಟನಾಶಕಗಳ ಮಾತೂ ಅದೇ. ಬರಿಗಣ್ಣಿಗೆ ಆ ನೀರು ಕೆರೆಯ ನೀರಿಗಿಂತ ತಿಳಿಯಾಗಿಯೇ ಇರುತ್ತದೆ.

ಆಪತ್ಕಾಲಕ್ಕೆ ಇದು ಒದಗುತ್ತದೆಯೇ? ಕೃಷ್ಣೆಗೆ ಪ್ರವಾಹ ಬಂದು ಲಿಂಗಸುಗೂರು ಕಡೆಯ ನಡುಗಡ್ಡೆಗಳ ದಾರಿ ಮುಳುಗಿದ ದಿನ ಡ್ರಮ್ಮು ಕಟ್ಟಲು ಕೂತರೆ, ಪದರ ಬಲಿಯುವ ಹೊತ್ತಿಗೆ ಪ್ರವಾಹ ಇಳಿದಿರುತ್ತದೆ. ಮೊದಲೇ ಕಟ್ಟಿ ಸಾಕಿಕೊಂಡಿದ್ದರೆ ಮಾತ್ರ ಅದು ಆಸರೆ. ಆ ದಿನಕ್ಕೆ ಬೇಕಾದ ಸಾಮಾನು ಬೇರೆ: ಸ್ಫಟಿಕ, ಕ್ಲೋರಿನ್ ಮಾತ್ರೆ, ಮುಚ್ಚಳದ ಕ್ಯಾನು ಮತ್ತು ಒಂದು ಹಳೆಯ ನೂಲಿನ ಸೀರೆ. ಸೀರೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ್ದರಿಂದ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದಾರೆ. ಒಗೆದೊಗೆದು ನೂಲು ಉಬ್ಬಿದ ಬಟ್ಟೆಯ ರಂಧ್ರ ಹೊಸ ಬಟ್ಟೆಯದಕ್ಕಿಂತ ಕಿರಿದಾಗಿರುತ್ತದೆ.

ಹತ್ತಿರಹತ್ತಿರ ಇದೇ ಬೆಲೆಗೆ ಅಂಗಡಿಯಲ್ಲಿ ಸ್ಟೀಲಿನ ಕ್ಯಾಂಡಲ್ ಫಿಲ್ಟರು ಸಿಗುತ್ತದೆ. ಇಬ್ಬರು ಮೂವರು ಇರುವ, ಆಗಾಗ ಬೀಗ ಹಾಕಿ ಹೋಗುವ ಮನೆಗೆ ಅದೇ ಸರಿ. ಕ್ಯಾಂಡಲ್ ಉಜ್ಜಿ ತೊಳೆದರಾಯಿತು. ದಿನಕ್ಕೆ ಮೂರು ನಾಲ್ಕು ಕೊಡ ಬೇಕಾದ, ಮನೆಯಲ್ಲಿ ಸದಾ ಒಬ್ಬರಾದರೂ ಇರುವ ನಮ್ಮಂತಹ ತುಂಬಿದ ಮನೆಗೆ ಡ್ರಮ್ಮು ಹೊಂದುತ್ತದೆ. ಬದಲಿಸಬೇಕಾದ ಬಿಡಿಭಾಗ ಅದರಲ್ಲಿ ಇಲ್ಲವೇ ಇಲ್ಲ. ಕೆರೆಯ ನೀರಿಗಾದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಬೋರ್‌ವೆಲ್ ನೀರಿಗೆ ಸೊನ್ನೆ.

ಲಿಂಗಸುಗೂರು ತಾಲ್ಲೂಕಿನಲ್ಲಿರುವ ನನ್ನ ತಂಗಿ ಡ್ರಮ್ಮು ನೋಡಿ ಹೋದವಳು "ಅಕ್ಕಾ, ನಮಗೂ ಒಂದು ಕಟ್ಟಿಸಿಕೊಡು" ಎಂದು ಮೂರು ಸಲ ಫೋನು ಮಾಡಿದ್ದಾಳೆ. ಅವರ ಮನೆಗೆ ಬರುವುದು ಬೋರ್‌ವೆಲ್ ನೀರು. ಮೊದಲು ಒಂದು ಬಾಟಲಿ ನೀರನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕೊಟ್ಟು ವರದಿ ತರಿಸು ಎಂದಿದ್ದೇನೆ. ವರದಿ ಇನ್ನೂ ಬಂದಿಲ್ಲ. ಸಾಣಿಸಿದ ಉಸುಕಿನ ಎರಡು ಚೀಲ ನಮ್ಮ ಹಿತ್ತಲಿನಲ್ಲಿಯೇ ಇವೆ.